ಶಿಶು ಯಾರು ಸ್ವಾಮಿ?

ನಮ್ಮ ಕ್ರೀಡಾಪುಟಗಳಿಗೆ ಒಂದು ಪದ ಅಂಟಿಕೊಂಡುಬಿಟ್ಟಿದೆ: ‘ಕ್ರಿಕೆಟ್ ಶಿಶು’. ನೇಪಾಳ ಬಂದರೆ ಕ್ರಿಕೆಟ್ ಶಿಶು, ಒಮಾನ್ ಬಂದರೆ ಕ್ರಿಕೆಟ್ ಶಿಶು, ನಮೀಬಿಯಾ ಬಂದರಂತೂ ಕೇಳುವುದೇ ಬೇಡ. ಐರ್ಲೆಂಡ್ ಇಪ್ಪತ್ತು ವರ್ಷದಿಂದ ಶಿಶುವಾಗಿಯೇ ಇದೆ. ಆ ಶಿಶುವಿಗೆ ಮೀಸೆ ಬಂತು, ಟೆಸ್ಟ್ ಮಾನ್ಯತೆ ಬಂತು, ಟೆಸ್ಟ್ ಗೆದ್ದಿದ್ದೂ ಆಯಿತು. ನಮ್ಮವರು ಮಾತ್ರ ತೊಟ್ಟಿಲು ತೂಗುವುದನ್ನು ನಿಲ್ಲಿಸಿಲ್ಲ.

2025ರ ಸೆಪ್ಟೆಂಬರ್ 10ರ ರಾತ್ರಿ ದುಬೈನಲ್ಲಿ ಏಷ್ಯಾ ಕಪ್ ಪಂದ್ಯ. ಭಾರತದ ಎದುರು ಯುಎಇ 13.1 ಓವರಿಗೆ 57 ರನ್ನಿಗೆ ಗಂಟುಮೂಟೆ ಕಟ್ಟಿತು. ನಾವು 27 ಎಸೆತದಲ್ಲಿ ಕೆಲಸ ಮುಗಿಸಿದೆವು. ಮಾರನೆಯ ಬೆಳಿಗ್ಗೆ ತಿ. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತ ನಿಂತಿದ್ದೆ. ಹಿಂದೊಮ್ಮೆ ನನ್ನ ಕೈಯಲ್ಲಿ ಓದಿದ ಹುಡುಗ ಬಂದ. ಈಗ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ನೈಟ್ ಶಿಫ್ಟ್ ಮುಗಿಸಿ ಬರುತ್ತಿದ್ದ, ಕಣ್ಣು ಕೆಂಪಗಿತ್ತು. ‘ಮೇಷ್ಟ್ರೇ, ಇಂಥವ್ರನ್ನೆಲ್ಲ ಯಾಕ್ ಆಡುಸ್ತಾರೆ? ರೀಚಾರ್ಜ್ ಮಾಡ್ಸಿದ್ ದುಡ್ಡೂ ದಂಡ’ ಅಂದ. ಅವನನ್ನು ನಾನು ಬೈಯುವುದಿಲ್ಲ. ಅವನು ಹೇಳಿದ್ದು ಅವನ ಮಾತಲ್ಲ. ಟೀವಿಯಲ್ಲಿ ಕೋಟು ಹಾಕಿಕೊಂಡು ಕೂತ ಮಾಜಿ ಆಟಗಾರರು ಪ್ರತಿ ಟೂರ್ನಿಯಲ್ಲೂ ಹೇಳುವ ಮಾತು ಅದು. ಗುಣಮಟ್ಟ ಕೆಡುತ್ತದಂತೆ. ನೋಡುಗರಿಗೆ ಬೇಜಾರಾಗುತ್ತದಂತೆ. ಏಕಪಕ್ಷೀಯ ಪಂದ್ಯವಂತೆ. ಎಂಟೋ ಹತ್ತೋ ದೊಡ್ಡ ತಂಡ ಸಾಕಂತೆ, ಉಳಿದವರು ಎಲ್ಲಾದರೂ ಹಿತ್ತಲಲ್ಲಿ ಆಡಿಕೊಳ್ಳಲಂತೆ.

ಅವತ್ತು ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ, ಸ್ವಲ್ಪ ಗಟ್ಟಿಯಾಗಿ.

1934ರ ನವೆಂಬರ್ 4. ಮದ್ರಾಸಿನ ಚೆಪಾಕ್ ಮೈದಾನ. ರಣಜಿ ಟ್ರೋಫಿಯ ಚರಿತ್ರೆಯಲ್ಲೇ ಮೊಟ್ಟಮೊದಲ ಪಂದ್ಯ, ಮದ್ರಾಸು ಮತ್ತು ಮೈಸೂರಿನ ನಡುವೆ. ಮೈಸೂರು ಅಂದರೆ ನಾವೇ, ನಮ್ಮ ಮಹಾರಾಜರ ಸಂಸ್ಥಾನದ ತಂಡ. ಮೊದಲ ಇನಿಂಗ್ಸ್‌ನಲ್ಲಿ 48ಕ್ಕೆ ಆಲೌಟ್. ಮದ್ರಾಸು ಹೊಡೆದದ್ದೂ ಭಾರಿ ಮೊತ್ತವಲ್ಲ, ಬರೀ 130. ಎರಡನೇ ಸಲ ನಾವು 59. ಎ.ಜಿ. ರಾಮ್‌ಸಿಂಗ್ ಒಬ್ಬರೇ ಎರಡೂ ಇನಿಂಗ್ಸ್ ಸೇರಿ 35 ರನ್ನಿಗೆ 11 ವಿಕೆಟ್ ಕಿತ್ತರು. ಇನಿಂಗ್ಸ್ ಮತ್ತು 23 ರನ್ನಿನ ಸೋಲು, ಅದೂ ಒಂದೇ ದಿನದಲ್ಲಿ. ಬೆಳಿಗ್ಗೆ ಶುರುವಾದ ರಣಜಿ ಪಂದ್ಯ ಸಂಜೆಗೆ ಮುಗಿದುಹೋಯಿತು.

ಯುಎಇ 57, ಮೈಸೂರು 59. ನಮಗೂ ಅವರಿಗೂ ಇರುವ ವ್ಯತ್ಯಾಸ ಎರಡು ರನ್ನು ಸ್ವಾಮಿ. ನಮ್ಮ ಮೊದಲ ಇನಿಂಗ್ಸನ್ನು ಲೆಕ್ಕಕ್ಕೆ ಹಿಡಿದರೆ ಅವರೇ ಮೇಲು.

ಅವತ್ತು ಚೆಪಾಕಿನಲ್ಲಿ ಕೋಟು ಹಾಕಿಕೊಂಡವರು ಯಾರಾದರೂ ಎದ್ದು ನಿಂತು, ‘ಈ ಮೈಸೂರಿನವರು ಕ್ರಿಕೆಟ್ ಶಿಶುಗಳು, ಇವರಿಂದ ರಣಜಿಯ ಗುಣಮಟ್ಟ ಕೆಡುತ್ತದೆ, ತೆಗೆದುಹಾಕಿ’ ಅಂದಿದ್ದರೆ? ಎರಾಪಳ್ಳಿ ಪ್ರಸನ್ನ ಎಲ್ಲಿ ಬೌಲ್ ಮಾಡುತ್ತಿದ್ದರು? ಮೈಸೂರಿನಲ್ಲೇ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಪೋಲಿಯೋ ತಗುಲಿದ ಆ ಬಲಗೈಯನ್ನು ಯಾವ ಪಂದ್ಯದಲ್ಲಿ ತಿರುಗಿಸುತ್ತಿದ್ದರು? ಗುಂಡಪ್ಪ ವಿಶ್ವನಾಥ್ ತಮ್ಮ ಮೊದಲ ರಣಜಿ ಪಂದ್ಯದಲ್ಲೇ ಹೊಡೆದ 230 ಯಾವ ತಂಡದ ಖಾತೆಗೆ ಹೋಗುತ್ತಿತ್ತು? ಹಾಗೆ ಹೇಳುವವರು ಇರಲಿಲ್ಲವೋ, ಇದ್ದರೂ ಕೇಳುವವರು ಇರಲಿಲ್ಲವೋ, ಅಂತೂ ನಾವು ಉಳಿದುಕೊಂಡೆವು. 1941-42ರಲ್ಲಿ ಫೈನಲ್ ತಲುಪಿ ಬಾಂಬೆಯಿಂದ ಮತ್ತೆ ಇನಿಂಗ್ಸ್ ಸೋಲುಂಡೆವು. ಆಮೇಲೆ 1958-59ರಿಂದ 1972-73ರವರೆಗೆ ಹದಿನೈದು ವರ್ಷ ಒಂದೇ ಸಮನೆ ಬಾಂಬೆಯೇ ಚಾಂಪಿಯನ್. ಹದಿನೈದು ವರ್ಷ! ಇವತ್ತಿನ ತಜ್ಞರು ಆಗ ಇದ್ದಿದ್ದರೆ ಬಾಂಬೆಯೊಂದನ್ನು ಬಿಟ್ಟು ಇಡೀ ದೇಶವನ್ನೇ ಹಿತ್ತಲಿಗೆ ಕಳಿಸುತ್ತಿದ್ದರು. ಆದರೆ 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಆ ಬಾಂಬೆಯನ್ನು ಮನೆಗೆ ಕಳಿಸಿದ್ದು ಯಾರು? 48ಕ್ಕೂ 59ಕ್ಕೂ ಆಲೌಟಾಗಿದ್ದ ಆ ಶಿಶುವೇ. ಆ ವರ್ಷ ಕಪ್ಪೂ ನಮಗೇ ಬಂತು. ಲೆಕ್ಕ ಹಾಕಿ, ನಲವತ್ತು ವರ್ಷ. ನಾವು ನಲವತ್ತು ವರ್ಷ ತೆಗೆದುಕೊಂಡದ್ದನ್ನು ನೇಪಾಳದವರು ಮೂರು ಟೂರ್ನಿಯಲ್ಲಿ ಮಾಡಿ ತೋರಿಸಬೇಕು, ಇಲ್ಲದಿದ್ದರೆ ಹೊರಗೆ!

ಭಾರತ ತಂಡದ ಜಾತಕವೂ ಬೇರೆಯಲ್ಲ. 1932ರಲ್ಲಿ ಮೊದಲ ಟೆಸ್ಟ್ ಆಡಿದ ನಾವು ಮೊದಲು ಗೆದ್ದದ್ದು 1952ರಲ್ಲಿ. ಮೊದಲ ವಿಶ್ವಕಪ್ಪಿನ ಮೊದಲ ಪಂದ್ಯ ನೆನಪಿದೆಯೇ? 1975ರ ಜೂನ್ 7, ಲಾರ್ಡ್ಸ್. ಇಂಗ್ಲೆಂಡ್ 334 ಹೊಡೆಯಿತು. ನಾವು ಅರವತ್ತು ಓವರ್ ಪೂರ್ತಿ ಆಡಿ 3 ವಿಕೆಟಿಗೆ 132. ಗಾವಸ್ಕರ್ 174 ಎಸೆತ ಎದುರಿಸಿ ಔಟಾಗದೆ 36. ಕೈಯಲ್ಲಿ ಏಳು ವಿಕೆಟ್ ಇಟ್ಟುಕೊಂಡು 202 ರನ್ನಿನಿಂದ ಸೋತ ಸಾಧನೆ ನಮ್ಮದು. ಇದನ್ನು ಇವತ್ತು ಉಗಾಂಡ ಮಾಡಿದ್ದರೆ? ನಮ್ಮ ಟ್ರೋಲ್ ಪೇಜುಗಳಿಗೆ ಒಂದು ತಿಂಗಳ ಊಟ ಆಗುತ್ತಿತ್ತು. 1979ರಲ್ಲಿ, ಆಗಿನ್ನೂ ಟೆಸ್ಟ್ ಮಾನ್ಯತೆಯೇ ಇಲ್ಲದ ಶ್ರೀಲಂಕಾದ ಕೈಯಲ್ಲೂ ಸೋತು ಬಂದೆವು. 1983ಕ್ಕೆ ಮುಂಚೆ ವಿಶ್ವಕಪ್ಪಿನಲ್ಲಿ ನಾವು ಗೆದ್ದದ್ದು ಒಂದೇ ಒಂದು ಪಂದ್ಯ, ಅದೂ ಪೂರ್ವ ಆಫ್ರಿಕಾ ಎಂಬ ತಂಡದ ಎದುರು. ಆ ಹೆಸರಿನ ತಂಡ ಈಗ ಇಲ್ಲವೇ ಇಲ್ಲ. ಅಂಥ ನಮ್ಮನ್ನು 1983ರಲ್ಲಿ ಕರೆಯದೇ ಇದ್ದಿದ್ದರೆ, ಟನ್‌ಬ್ರಿಜ್ ವೆಲ್ಸ್‌ನಲ್ಲಿ 17ಕ್ಕೆ 5 ಹೋದಮೇಲೆ ಕಪಿಲ್ ಹೊಡೆದ 175 ಎಲ್ಲಿ? ಒಂಬತ್ತನೇ ವಿಕೆಟಿಗೆ ಅವರ ಜೊತೆ ನಿಂತು 126 ರನ್ ಕೂಡಿಸಿದ ನಮ್ಮ ಕಿರ್ಮಾನಿ ಎಲ್ಲಿ? ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಎತ್ತಿದ ನಮ್ಮ ರೋಜರ್ ಬಿನ್ನಿ ಎಲ್ಲಿ? ಅವತ್ತು ಎದುರು ಆಡಿದ ಜಿಂಬಾಬ್ವೆಗೆ ಅದು ಮೊದಲ ವಿಶ್ವಕಪ್ಪು. ಒಂಬತ್ತು ದಿನ ಮುಂಚೆ ಅವರು ಆಸ್ಟ್ರೇಲಿಯಾವನ್ನು ಸೋಲಿಸಿದ್ದರು. ಅವರ ನಾಯಕ ಡಂಕನ್ ಫ್ಲೆಚರ್, ಮುಂದೆ ನಮ್ಮ ಹುಡುಗರಿಗೇ ಕೋಚ್ ಆಗಿ ಬಂದವರು. ಶಿಶುವಿನ ಕೈಯಲ್ಲಿ ಪಾಠ ಹೇಳಿಸಿಕೊಂಡೆವಲ್ಲ!

ಈಗ ಹಾಲಿನ ವಿಷಯಕ್ಕೆ ಬರೋಣ. 2024ರ ಟಿ20 ವಿಶ್ವಕಪ್ಪಿಗೆ ನಮ್ಮ ಕೆಎಂಎಫ್ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ಪ್ರಾಯೋಜಕತ್ವ ಕೊಟ್ಟಿತು. ಬಿಳಿಯರ ತೋಳಿನ ಮೇಲೆ ನಮ್ಮ ನಂದಿನಿ. ಏನು ಗಲಾಟೆ, ಏನು ಗೇಲಿ! ‘ರೈತರ ದುಡ್ಡು ಸ್ಕಾಟ್ಲೆಂಡಿಗೆ.’ ‘ಗೆಲ್ಲದ ಕುದುರೆಗೆ ಹುಲ್ಲು.’ ಜೂನ್ ಕೊನೆಗೆ ಪ್ಯಾಕೆಟ್ಟಿಗೆ 50 ಮಿಲಿ ಹಾಲೂ 2 ರೂಪಾಯಿಯೂ ಸೇರಿದಾಗ ಆ ಎರಡು ರೂಪಾಯಿಯನ್ನೂ ಸ್ಕಾಟ್ಲೆಂಡಿನ ಲೆಕ್ಕಕ್ಕೇ ಬರೆದವರಿದ್ದಾರೆ. ಇದೇ ಜನ ಅಮುಲ್ ಬಗ್ಗೆ ತುಟಿ ಬಿಚ್ಚಲಿಲ್ಲ. 2011ರ ವಿಶ್ವಕಪ್ಪಿನಲ್ಲೇ ನೆದರ್ಲೆಂಡ್ಸ್ ಅಂಗಿಯ ಮೇಲೆ ಅಮುಲ್ ಇತ್ತು, ಆಮೇಲೆ ಅಫ್ಗಾನಿಸ್ತಾನದ ಅಂಗಿ ಹತ್ತಿತು. ಗುಜರಾತಿನವರು ಮಾಡಿದರೆ ವ್ಯಾಪಾರ, ನಾವು ಮಾಡಿದರೆ ದುಂದು.

ನಮ್ಮೂರ ಡೇರಿಯ ಮುಂದೆ ಆ ದಿನಗಳಲ್ಲಿ ಬೆಳಿಗ್ಗೆ ಆರಕ್ಕೆ ಇದೇ ಮಾತು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು, ಅಳತೆಯ ಸೌಟು, ಫ್ಯಾಟ್ ನೋಡುವ ಮೆಶಿನ್ನಿನ ಗುಯ್ ಶಬ್ದ. ನಮ್ಮ ಬೀದಿಯ ಚಿಕ್ಕಪ್ಪನಿಗೆ ಎರಡು ಹಸು. ಸ್ಲಿಪ್ಪಿನಲ್ಲಿ ಫ್ಯಾಟು ಕಡಿಮೆ ಬಂದ ದಿನ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಲೇಬೇಕು. ‘ಅಲ್ಲ ಕನಪ್ಪ, ಸ್ಕಾಟ್ಲೆಂಡ್ ಅಂದ್ರೆ ಎಲ್ಲದೆ ಅದು? ಅವ್ರು ನಮ್ ಹಾಲ್ ಕುಡಿತಾರಾ?’ ಅಂದ. ಇಂಗ್ಲೆಂಡಿನ ಪಕ್ಕದ ದೇಶ, ಇಂಗ್ಲೆಂಡಿನವರಿಗೆ ಎಲ್ಲ ಕಾಲಕ್ಕೂ ತಮ್ಮನಂತೆ ಕಂಡದ್ದು ಅಂದೆ. ‘ಹಂಗಾರೆ ನಮ್ ನರಸೀಪುರದಂಗೆ’ ಅಂದ ಚಿಕ್ಕಪ್ಪ. ಅವತ್ತಿನಿಂದ ಅವನೇ ದಿನಾ ಕೇಳತೊಡಗಿದ, ‘ನಮ್ಮೋರು ಏನಾದ್ರು?’ ನಮ್ಮೋರು ಅಂದರೆ ಸ್ಕಾಟ್ಲೆಂಡು! ನಮ್ಮೋರು ಬಾರ್ಬಡೋಸಿನಲ್ಲಿ ಇಂಗ್ಲೆಂಡ್ ಎದುರು ಹತ್ತು ಓವರಿಗೆ ವಿಕೆಟ್ ಕೊಡದೆ 90 ಹೊಡೆದಾಗ ಮಳೆ ಬಂದು ಪಂದ್ಯ ರದ್ದಾಯಿತು. ‘ಮಳೆ ನಮ್ಮನ್ನ ಎಲ್ಲೋದ್ರೂ ಬುಡಾಕಿಲ್ಲ ಕನಪ್ಪ’ ಅಂದ. ಕೊನೆಗೆ ಆಸ್ಟ್ರೇಲಿಯಾ ಎದುರು 180 ಹೊಡೆದು, ಇನ್ನು ಎರಡೇ ಎಸೆತ ಬಾಕಿ ಇದ್ದಾಗ ಸೋತರು. ಗೆದ್ದಿದ್ದರೆ ಹಿಂದಿನ ಸಲದ ಚಾಂಪಿಯನ್ ಇಂಗ್ಲೆಂಡೇ ಮನೆಗೆ. ಇಬ್ಬರಿಗೂ ಐದೈದು ಅಂಕ, ರನ್‌ರೇಟಿನಲ್ಲಿ ಇಂಗ್ಲೆಂಡ್ ಪಾರಾಯಿತು. ಇದು ಶಿಶುವಿನ ಆಟವಾದರೆ ದೊಡ್ಡವರ ಆಟ ಹೇಗಿರುತ್ತದೋ ನಾನು ಕಾಣೆ. ಐರ್ಲೆಂಡಿನ ಬಗ್ಗೆ ಮಾತಾಡುವುದು ಬೇಡ. ಅವರು ನಂದಿನಿ ಹಾಕಿಕೊಂಡು ನ್ಯೂಯಾರ್ಕಿನಲ್ಲಿ ನಮ್ಮೆದುರು 96ಕ್ಕೆ ಉದುರಿದರು, ಆಮೇಲೆ ಕೆನಡಾಗೂ ಸೋತರು. ಎರಡು ಹಸುವಿನಲ್ಲಿ ಒಂದು ಒದೆಯುತ್ತದೆ. ಹಾಗಂತ ಕೊಟ್ಟಿಗೆ ಕಿತ್ತುಹಾಕುತ್ತಾರೆಯೇ?

ಅದೇ ಐರ್ಲೆಂಡು ನಮ್ಮ ಬೆಂಗಳೂರಿನಲ್ಲೇ ಮಾಡಿದ್ದನ್ನು ಮರೆತಿರಾ? 2011ರ ಮಾರ್ಚ್ 2, ಚಿನ್ನಸ್ವಾಮಿ ಕ್ರೀಡಾಂಗಣ. ಇಂಗ್ಲೆಂಡ್ 327. ಐರ್ಲೆಂಡ್ 111ಕ್ಕೆ 5. ಟೀವಿ ಆರಿಸಿ ಮಲಗಿದವರಲ್ಲಿ ನಾನೂ ಒಬ್ಬ, ಒಪ್ಪಿಕೊಳ್ಳುತ್ತೇನೆ. ಕೂದಲಿಗೆ ಗುಲಾಬಿ ಬಣ್ಣ ಬಳಿದುಕೊಂಡ ಕೆವಿನ್ ಓಬ್ರಿಯಾನ್ 50 ಎಸೆತದಲ್ಲಿ ಶತಕ ಹೊಡೆದ. ಆವತ್ತಿಗೆ ಅದು ವಿಶ್ವಕಪ್ಪಿನ ಅತಿವೇಗದ ನೂರು. ಐದು ಎಸೆತ ಬಾಕಿ ಇರುವಾಗಲೇ ಐರ್ಲೆಂಡ್ ಗೆದ್ದಿತು. ಇಡೀ ಟೂರ್ನಿಯಲ್ಲಿ ಜನ ಇವತ್ತಿಗೂ ನೆನೆಯುವ ಪಂದ್ಯ ಯಾವುದು ಅಂದರೆ ಫೈನಲ್ ಬಿಟ್ಟರೆ ಇದು.

ಇದಕ್ಕೆ ಐಸಿಸಿ ಕೊಟ್ಟ ಬಹುಮಾನ ಏನು ಗೊತ್ತೇ? ಧೋನಿ ಸಿಕ್ಸರ್ ಹೊಡೆದು ಕಪ್ ಎತ್ತಿದ್ದು ಏಪ್ರಿಲ್ 2ಕ್ಕೆ. ಏಪ್ರಿಲ್ 4ಕ್ಕೆ ಅದೇ ಮುಂಬೈನಲ್ಲಿ ಸಭೆ ಸೇರಿ, ಮುಂದಿನ ವಿಶ್ವಕಪ್ಪು ಹತ್ತೇ ತಂಡಕ್ಕೆ, ಅದೂ ಪೂರ್ಣ ಸದಸ್ಯರಿಗೆ ಮಾತ್ರ ಎಂದು ತೀರ್ಮಾನ ಮಾಡಿದರು. ಎರಡೇ ದಿನ! ಹೂವಿನ ಹಾರ ಬಾಡಿರಲಿಲ್ಲ. ಗದ್ದಲವಾದಮೇಲೆ 2015ಕ್ಕೆ ಹಿಂದೆ ಸರಿದರು. ಆದರೆ 2019ರಲ್ಲೂ 2023ರಲ್ಲೂ ಹತ್ತೇ ತಂಡ. ಫುಟ್‌ಬಾಲಿನವರು ವಿಶ್ವಕಪ್ಪನ್ನು 48 ತಂಡಕ್ಕೆ ಹಿಗ್ಗಿಸುತ್ತಿದ್ದರೆ ನಮ್ಮವರು ಹತ್ತಕ್ಕೆ ಕುಗ್ಗಿಸಿದರು. ಮನೆಯ ಮದುವೆಗೆ ಮನೆಯವರನ್ನೇ ಕರೆದು ವಿಶ್ವಮದುವೆ ಅಂತ ಹೆಸರಿಟ್ಟ ಹಾಗೆ.

ಗುಣಮಟ್ಟ ಎಂಬುದು ನೆಪ. ನಿಜವಾದ ಹೊಟ್ಟೆನೋವು 2007ರದು. ಆ ವರ್ಷದ ಮಾರ್ಚ್ 17ರಂದು, ಒಂದೇ ದಿನ, ಬಾಂಗ್ಲಾದೇಶ ನಮ್ಮನ್ನೂ ಐರ್ಲೆಂಡ್ ಪಾಕಿಸ್ತಾನವನ್ನೂ ಮಣಿಸಿದವು. ಇಬ್ಬರೂ ಬೇಗ ಮನೆಗೆ ಬಂದರು. ಭಾರತ-ಪಾಕಿಸ್ತಾನ ಪಂದ್ಯ ಆಗುತ್ತದೆಂದು ಕಾದಿಟ್ಟುಕೊಂಡಿದ್ದ ಏಪ್ರಿಲ್ 15ರ ದಿನ ಬಾರ್ಬಡೋಸಿನಲ್ಲಿ ಆಡಿದ್ದು ಐರ್ಲೆಂಡ್ ಮತ್ತು ಬಾಂಗ್ಲಾದೇಶ. ಜಾಹೀರಾತು ಕೊಟ್ಟವರು ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲಿನ ಹತ್ತು ತಂಡದ ವಿಶ್ವಕಪ್ಪಿನಲ್ಲಿ ಏನು ಮಾಡಿದರು ನೋಡಿ. ಸೋತರೂ ಗೆದ್ದರೂ ಭಾರತಕ್ಕೆ ಒಂಬತ್ತು ಪಂದ್ಯ ಖಾತ್ರಿ. ಇದಕ್ಕೆ ಟೂರ್ನಿ ಅಂತಾರೋ ವರ್ತನೆ ಹಾಲು ಅಂತಾರೋ? ದೊಡ್ಡವನು ಸಣ್ಣವನ ಕೈಲಿ ಸೋಲುವುದೇ ಇವರಿಗೆ ‘ಗುಣಮಟ್ಟ ಕೆಡುವುದು’. ಸಣ್ಣವನು ಸೋತರೆ ‘ಏಕಪಕ್ಷೀಯ’, ಗೆದ್ದರೆ ‘ವ್ಯಾಪಾರಕ್ಕೆ ನಷ್ಟ’. ಅತ್ತರೂ ಏಟು, ನಕ್ಕರೂ ಏಟು.

ಅಫ್ಗಾನಿಸ್ತಾನದ ಕಥೆ ಇನ್ನೂ ಚಂದ. ಅದೂ ಅದೇ ಚಿನ್ನಸ್ವಾಮಿ ಅಂಗಳದ್ದು. 2018ರ ಜೂನ್‌ನಲ್ಲಿ ಅವರ ಮೊದಲ ಟೆಸ್ಟ್. ಧವನ್ ಮೊದಲ ದಿನ ಊಟದ ಹೊತ್ತಿಗೇ ನೂರು ಬಾರಿಸಿದರು. ನಾವು 474. ಅವರು ಒಂದೇ ದಿನದಲ್ಲಿ ಎರಡು ಸಲ ಆಲೌಟ್, 109 ಮತ್ತು 103. ಎರಡೇ ದಿನಕ್ಕೆ ಮುಗಿದ ಟೆಸ್ಟು. ಅಜಿಂಕ್ಯ ರಹಾನೆ ಟ್ರೋಫಿ ಹಿಡಿದು ಅಫ್ಗಾನರನ್ನೂ ಪಕ್ಕಕ್ಕೆ ಕರೆದು ಫೋಟೋ ತೆಗೆಸಿಕೊಂಡರು. ಒಳ್ಳೆಯ ಮನುಷ್ಯ. ಆದರೆ ಹೊರಗೆ ಎಲ್ಲರೂ ಅಂದದ್ದು ಒಂದೇ ಮಾತು: ‘ಇವರಿಗೆ ಟೆಸ್ಟ್ ಮಾನ್ಯತೆ ಯಾವ ಪುಣ್ಯಾತ್ಮ ಕೊಟ್ಟ?’

ಐದೂವರೆ ವರ್ಷ ಆದಮೇಲೆ, 2024ರ ಜನವರಿ 17ರಂದು, ಅದೇ ಅಂಗಳ, ಅದೇ ಇಬ್ಬರು, ಈ ಸಲ ಟಿ20. ರೋಹಿತ್ ಶರ್ಮ ಔಟಾಗದೆ 121. ನಾವು 212. ಅವರೂ 212! ಸೂಪರ್ ಓವರಿನಲ್ಲಿ ನಾವು 16, ಅವರೂ 16. ಎರಡನೇ ಸೂಪರ್ ಓವರ್ ಆಡಿ ಬಚಾವಾದೆವು. ಎರಡು ದಿನಕ್ಕೆ ಮುಗಿದವರನ್ನು ಮುಗಿಸಲು ಎರಡು ಸೂಪರ್ ಓವರ್ ಬೇಕಾಯಿತು. ಅದೇ ವರ್ಷದ ಜೂನ್‌ನಲ್ಲಿ ಅವರು ಆಸ್ಟ್ರೇಲಿಯಾವನ್ನು ಸೋಲಿಸಿ ವಿಶ್ವಕಪ್ ಸೆಮಿಫೈನಲ್‌ಗೇ ಹೋದರು. ಮಾನ್ಯತೆ ಕೊಟ್ಟ ಪುಣ್ಯಾತ್ಮ ಎಲ್ಲಿದ್ದರೂ ಚೆನ್ನಾಗಿರಲಿ.

ನನ್ನ ಮೇಲೆ ತಿರುಗಿಬೀಳುವವರು ಒಂದು ಮಾತು ಹೇಳುತ್ತಾರೆ. ನಮ್ಮ ಕಡೆಯದೇ ಮಾತು, ಆದ್ದರಿಂದ ಸ್ವಲ್ಪ ಮರ್ಯಾದೆ ಕೊಡುತ್ತೇನೆ. ‘ಮೇಷ್ಟ್ರೇ, ದಸರಾ ಕುಸ್ತಿಯಲ್ಲಿ ಜೋಡಿ ಕಟ್ಟಲ್ವಾ? ತೂಕ ನೋಡಿ, ವರಸೆ ನೋಡಿ, ಸಮಬಲದವರನ್ನೇ ಬಿಡ್ತಾರಲ್ವಾ?’ ಹೌದು, ಕಟ್ಟುತ್ತಾರೆ. ಮೈಸೂರಿನಲ್ಲಿ ಜೋಡಿ ಕಟ್ಟುವ ದಿನ ನಾನೂ ಹೋಗಿ ಕೂತು ನೋಡಿದ್ದೇನೆ. ಆದರೆ ಅದು ಜನ ಟಿಕೆಟ್ ತೆಗೆದುಕೊಂಡು ನೋಡುವ ಸಂಜೆಯ ಮಾತು. ಅದಕ್ಕೆ ಮುಂಚಿನ ವರ್ಷವೆಲ್ಲ ಗರಡಿಯಲ್ಲಿ ಏನು ನಡೆಯುತ್ತದೆ? ಹದಿನಾರರ ಹುಡುಗ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಟ್ಟಿಗೆ ಇಳಿದು ಉಸ್ತಾದನ ಕೈಯಲ್ಲಿ ದಿನಕ್ಕೆ ಇಪ್ಪತ್ತು ಸಲ ಮಣ್ಣು ಮುಕ್ಕುತ್ತಾನೆ. ಉಸ್ತಾದ ‘ನೀನು ಶಿಶು, ಮೊದಲು ಹೋಗಿ ದೊಡ್ಡವನಾಗಿ ಬಾ’ ಅನ್ನುವುದಿಲ್ಲ. ತಾನೇ ಕೆಡವಿ, ತಾನೇ ಎತ್ತಿ, ಮತ್ತೆ ಕೆಡವುತ್ತಾನೆ. ದೊಡ್ಡ ಕ್ರಿಕೆಟ್ ದೇಶಗಳು ಮಾಡದಿರುವುದು ಇದನ್ನೇ. ಸಣ್ಣವರ ಊರಿಗೆ ಹೋಗಿ ಸರಣಿ ಆಡುವುದಿಲ್ಲ, ತಮ್ಮ ಊರಿಗೆ ಕರೆಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಟೂರ್ನಿಯ ಸಂಜೆ ನೇರವಾಗಿ ಮಟ್ಟಿಗೆ ಇಳಿಸಿ, ಬೆನ್ನಿಗೆ ಮಣ್ಣು ಹತ್ತಿದ ಕೂಡಲೇ ‘ನೋಡಿ, ಇವರಿಗೆ ಬರುವುದಿಲ್ಲ’ ಅನ್ನುತ್ತಾರೆ. ತಾಲೀಮು ಕೊಡದ ಉಸ್ತಾದ ಶಿಷ್ಯನ ಸೋಲಿಗೆ ನಗುವುದುಂಟೇ?

ದುಡ್ಡಿನ ಹಂಚಿಕೆಯೂ ಹಾಗೇ. 2024ರಿಂದ 2027ರವರೆಗೆ ಐಸಿಸಿ ಹಂಚುವ ಆದಾಯದಲ್ಲಿ ನಮ್ಮ ಬಿಸಿಸಿಐ ಒಂದಕ್ಕೇ ಸುಮಾರು ಶೇಕಡಾ 38.5 ಎಂದು 2023ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂತು. ಇಂಗ್ಲೆಂಡಿಗೂ ಆಸ್ಟ್ರೇಲಿಯಾಗೂ ತಲಾ ಏಳಕ್ಕಿಂತ ಕಡಿಮೆ. ತೊಂಬತ್ತಕ್ಕೂ ಹೆಚ್ಚಿರುವ ಸಹಸದಸ್ಯ ದೇಶಗಳಿಗೆಲ್ಲ ಸೇರಿ ಹನ್ನೊಂದರ ಹತ್ತಿರ. ಚಿಕ್ಕಪ್ಪನಿಗೆ ಇದನ್ನು ಡೇರಿಯ ಲೆಕ್ಕದಲ್ಲಿ ಹೇಳಿದೆ. ನೂರು ಲೀಟರ್ ಹಾಲು ಅಂದುಕೋ, ಒಂದು ಮನೆಗೆ ಮೂವತ್ತೆಂಟೂವರೆ ಲೀಟರ್, ತೊಂಬತ್ತು ಮನೆಗೆ ಸೇರಿ ಹನ್ನೊಂದು. ಅವನು ಬೆರಳು ಮಡಚಿ ಎಣಿಸಿ, ‘ಹಂಗಾರೆ ಒಂದ್ ಮನೆಗೆ ಒಂದ್ ಟೀ ಲೋಟ’ ಅಂದ. ಟೀ ಲೋಟದ ಹಾಲು ಕುಡಿದ ಮಗು ಓಡುವುದಿಲ್ಲ ಅಂತ ಮೂವತ್ತೆಂಟು ಲೀಟರಿನ ಮನೆಯವರು ಗೇಲಿ ಮಾಡುತ್ತಾರೆ. ‘ದುಡ್ಡು ಹುಟ್ಟುವುದೇ ಭಾರತದಿಂದ’ ಅನ್ನುವ ಜಾಣರಿದ್ದಾರೆ. ಸರಿ ಕಣಯ್ಯ, ಆದರೆ ಅದೇ ನ್ಯಾಯವನ್ನು ಬೆಂಗಳೂರಿನವರು ನಮ್ಮ ಮೇಲೆ ಹೇರಿದಾಗ ಯಾಕೆ ಉರಿಯುತ್ತದೆ?

ಉರಿಯುತ್ತದೆ, ಹೇಳಿಯೇಬಿಡುತ್ತೇನೆ. ಕಪಿಲೆ ನಂಜುಂಡೇಶ್ವರನ ಪಾದ ತೊಳೆದು ಬಂದು ನಮ್ಮ ತಿ. ನರಸೀಪುರದಲ್ಲಿ ಕಾವೇರಿ ಸೇರುತ್ತಾಳೆ. ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ, ಮಂತ್ರಿಗಳೆಲ್ಲ ಬಂದು ಮುಳುಗೆದ್ದು ಹೋಗುತ್ತಾರೆ. ಅದೇ ನೀರು ಸ್ವಲ್ಪ ದೂರ ಕೆಳಗೆ ಹೋದಮೇಲೆ ತೊರೆಕಾಡನಹಳ್ಳಿಯಿಂದ ಪಂಪಾಗಿ ಬೆಂಗಳೂರಿನ ನಲ್ಲಿಯಲ್ಲಿ ಬರುತ್ತದೆ. ನೀರು ಬೆಂಗಳೂರಿಗೆ, ಹಾಲು ಬೆಂಗಳೂರಿಗೆ, ಬೌಲಿಂಗ್ ಬರುವ ಹುಡುಗನಿದ್ದರೆ ಅವನೂ ಬೆಂಗಳೂರಿಗೆ. ನಮಗೆ ಉಳಿಯುವುದು ಸಂಗಮದ ಮರಳು. ಅದೂ ರಾತ್ರಿ ಲಾರಿ ಹತ್ತುತ್ತದೆ. ಮೈಸೂರಿನವನಾದ ಜಾವಗಲ್ ಶ್ರೀನಾಥ್ 236 ಟೆಸ್ಟ್ ವಿಕೆಟ್ ತೆಗೆದ ಅಂತ ನಾವು ಬೀಗುತ್ತೇವೆ, ಬೀಗಬೇಕಾದ್ದೇ. ಆದರೆ ಮೈಸೂರಿನಿಂದ ಆಚೆ, ತಾಲ್ಲೂಕಿನ ಒಂದು ಹಳ್ಳಿಯ ಹುಡುಗ ಮೊದಲ ಸಲ ಲೆದರ್ ಬಾಲ್ ಮುಟ್ಟುವುದು ಯಾವ ವಯಸ್ಸಿಗೆ? ಮುಟ್ಟದೆ ಮದುವೆಯಾದವರೇ ನನ್ನ ಶಿಷ್ಯರಲ್ಲಿ ತುಂಬ. ಇಲ್ಲಿ ಜಾಗ ಸಿಗದವರು ಎಲ್ಲಿಗೆ ಹೋಗುತ್ತಾರೆ? ಚಿಕ್ಕಮಗಳೂರು ಮೂಲದ, ಬೆಂಗಳೂರಿನ ಕ್ಲಬ್ ಕ್ರಿಕೆಟ್ಟಿನಲ್ಲಿ ಬೆಳೆದ ನೋಸ್ತುಷ್ ಕೆಂಜಿಗೆ ಅಮೆರಿಕದ ಅಂಗಿ ತೊಟ್ಟು 2024ರ ಜೂನ್ 6ರಂದು ಡಲ್ಲಾಸಿನಲ್ಲಿ ಪಾಕಿಸ್ತಾನದ ಮೂರು ವಿಕೆಟ್ ಕಿತ್ತ. ಅಮೆರಿಕ ಸೂಪರ್ ಓವರಿನಲ್ಲಿ ಗೆದ್ದಿತು. ಅವತ್ತು ನಮ್ಮ ಪತ್ರಿಕೆಗಳೆಲ್ಲ ‘ಕನ್ನಡಿಗನ ಕಮಾಲ್’ ಅಂದವು. ಹಿಂದಿನ ದಿನದವರೆಗೆ ಅಮೆರಿಕ ಶಿಶು, ಮಾರನೆಯ ದಿನ ನಮ್ಮ ಕೂಸು!

ನಮ್ಮ ಹಳ್ಳಿಯ ಟೆನಿಸ್ ಬಾಲ್ ಟೂರ್ನಿಗಳಿಗೂ ಈ ರೋಗ ಇಳಿದಿದೆ. ಎರಡು ವರ್ಷದ ಹಿಂದೆ ನಂಜನಗೂಡು ಕಡೆಯ ಒಂದು ಟೂರ್ನಿಗೆ ನಮ್ಮ ಊರಿನ ಹುಡುಗರು ಹೋದರು. ಎಂಟ್ರಿ ಫೀ ಕಟ್ಟಲು ಒಬ್ಬ ಕುರಿ ಮಾರಿದ್ದ. ಎದುರಾಳಿ ಟೀಮಿನಲ್ಲಿ ದುಡ್ಡು ಕೊಟ್ಟು ಹೊರಗಿನಿಂದ ಕರೆಸಿದ ಆಟಗಾರರು ಮೂವರು. ಆರು ಓವರಿನ ಮ್ಯಾಚು, ನಮ್ಮವರು 31ಕ್ಕೆ ಮುಗಿದರು. ಮುಂದಿನ ವರ್ಷ ಹೆಸರು ಕೊಡಲು ಫೋನ್ ಮಾಡಿದರೆ ಆಚೆಯವರು ಅಂದದ್ದು, ‘ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ, ಈ ಸಲ ಸ್ಟ್ಯಾಂಡರ್ಡ್ ಟೀಮ್ ಮಾತ್ರ. ಯೂಟ್ಯೂಬ್ ಲೈವ್ ಐತೆ, ಮ್ಯಾಚ್ ಬೇಗ ಮುಗುದ್ರೆ ವ್ಯೂಸ್ ಬರಲ್ಲ.’ ಐಸಿಸಿಯ ಸಭೆಯಲ್ಲಿ ಕೂತವರಿಗೂ ಇವರಿಗೂ ಏನು ವ್ಯತ್ಯಾಸ? ಕೋಟು.

ಒಮಾನಿನ ಆಮಿರ್ ಕಲೀಂಗೆ 2025ರ ಆ ಸೆಪ್ಟೆಂಬರಿನಲ್ಲಿ 43 ವರ್ಷ. ಯುಎಇ 57ಕ್ಕೆ ಬಿದ್ದ ಒಂಬತ್ತನೇ ದಿನ, ಅದೇ ಏಷ್ಯಾ ಕಪ್ಪಿನಲ್ಲಿ, ಅಬುಧಾಬಿಯಲ್ಲಿ ಆತ ಭಾರತದ ಎದುರು 64 ಹೊಡೆದ. ನಮ್ಮ 188ಕ್ಕೆ ಒಮಾನ್ ನಾಲ್ಕೇ ವಿಕೆಟ್ ಕಳೆದುಕೊಂಡು 167 ಮಾಡಿತು. ಅದೇ ತಿಂಗಳು ನೇಪಾಳ ಶಾರ್ಜಾದಲ್ಲಿ ವೆಸ್ಟ್ ಇಂಡೀಸ್ ಎದುರು ಟಿ20 ಸರಣಿಯನ್ನೇ ಗೆದ್ದಿತು. ಒಂದು ಪಂದ್ಯದಲ್ಲಿ ಕೆರಿಬಿಯನ್ನರನ್ನು 83ಕ್ಕೆ ಉರುಳಿಸಿ. ಅಕ್ಟೋಬರ್ 11ರಂದು ನಮೀಬಿಯಾ ತನ್ನ ಊರಿನ ಹೊಸ ಮೈದಾನದಲ್ಲಿ ದಕ್ಷಿಣ ಆಫ್ರಿಕಾವನ್ನು ಕೊನೆಯ ಎಸೆತದಲ್ಲಿ ಸೋಲಿಸಿತು. ರೀಚಾರ್ಜ್ ದಂಡವಾಯಿತು ಅಂದ ಆ ಹುಡುಗನಿಗೆ ಒಂದೊಂದನ್ನೂ ಮೆಸೇಜ್ ಮಾಡಿದೆ. ಮೂರಕ್ಕೂ ಹೆಬ್ಬೆರಳು ಎತ್ತಿ ತೋರಿಸಿದ, ಅಷ್ಟೇ.

ನಮ್ಮ ಹುಡುಗರು ಸುಮ್ಮನಿರಲಿಲ್ಲ. ‘ಸ್ಟ್ಯಾಂಡರ್ಡ್’ ಅಲ್ಲದ ಎಂಟು ಊರಿನವರು ಸೇರಿ, ಭತ್ತ ಕೊಯ್ದ ಗದ್ದೆಯಲ್ಲಿ ಕೂಳೆ ಕೆತ್ತಿ, ಮ್ಯಾಟ್ ಹಾಸಿ ತಮ್ಮದೇ ಟೂರ್ನಿ ಮಾಡಿದರು. ನನ್ನನ್ನು ಅಂಪೈರ್ ಮಾಡಿದರು. ಹಟಕ್ಕೆ ಬಿದ್ದು, ತಮ್ಮನ್ನು 31ಕ್ಕೆ ಮುಗಿಸಿದ್ದ ಆ ಟೀಮನ್ನೇ ಮೊದಲ ಮ್ಯಾಚಿಗೆ ಕರೆದರು. ಅವರು ಬಂದರು. ಹೊರಗಿನ ಆಟಗಾರರೂ ಬಂದರು, ಒಂದೇ ಬಣ್ಣದ ಶೂ, ಹೆಸರು ಬರೆದ ಅಂಗಿ. ನಮ್ಮವರು ಮತ್ತೆ ಸೋತರು. ಆದರೆ ಈ ಸಲ 46. ಕೊನೆಯಲ್ಲಿ ಇಳಿದ ಎಡಗೈ ಹುಡುಗನೊಬ್ಬ, ಪಿಯುಸಿ ಫೇಲು, ಹೊರಗಿನಿಂದ ಬಂದ ವೇಗದ ಬೌಲರಿಗೆ ಎರಡು ಸಿಕ್ಸರ್ ಎತ್ತಿದ. ಎರಡನೆಯದು ತೆಂಗಿನ ತೋಟದಾಚೆ ನಾಲೆಗೆ ಬಿತ್ತು, ಬಾಲ್ ಸಿಗಲೇ ಇಲ್ಲ.

ಎಲ್ಲ ಮುಗಿದು ಅವರು ಟೆಂಪೋ ಹತ್ತುವಾಗ ಆ ಟೀಮಿನ ನಾಯಕ ನನ್ನ ಹತ್ತಿರ ಬಂದ. ‘ಮೇಷ್ಟ್ರೇ, ಆ ಎಡಗೈ ಹುಡುಗ ಯಾರ್ ಮಗ? ನಂಬರ್ ಕೊಡ್ತೀರಾ?’

ಗೊತ್ತಿಲ್ಲ ಕನಪ್ಪ ಅಂದೆ.